ವೇಗ ಸಾಕಷ್ಟಿದೆ, ಗೆಳೆಯ ಮಾತ್ರ ಸಿಗುತ್ತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಬೇರೆ ಬೇರೆ ಊರುಗಳಿಂದ ಹೇಳುತ್ತಿವೆ. ಟಿ.ವಿ.ಗೆ ಜೋಡಿಸಿದ ಗೇಮ್ ಕನ್ಸೋಲಿನಲ್ಲಿ ಎಲ್ಲವೂ ಸರಿಯಾಗಿದೆ, ಗೆಳೆಯರನ್ನು ಕೂಡಿಕೊಂಡು ಆಡಲು ಹೋದರೆ ಮಾತ್ರ ‘ನ್ಯಾಟ್ ಟೈಪ್’ ಎಂಬ ಸಂದೇಶ ಅಡ್ಡ ಬರುತ್ತದೆ. ನಾನು ಬಹಳ ವರ್ಷ ಇಂಟರ್ನೆಟ್ ಸೇವೆಯ ಕಚೇರಿಯೊಂದರ ದೂರು ವಿಭಾಗದಲ್ಲಿ ಕೆಲಸ ಮಾಡಿದವಳು. ಈ ದೂರಿಗೆ ‘ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ’ ಎಂದು ಹೇಳಿ ಫೋನ್ ಇಡುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಈ ವಿಷಯಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮಗನಿಗೆ ಪಿಯುಸಿ ಮುಗಿದ ಮೇಲೆ ಪ್ಲೇಸ್ಟೇಷನ್ 5 ಕೊಡಿಸಿದೆವು. ಗೆಳೆಯರ ಗುಂಪು ಸೇರಿದರೆ ಅವರ ಮಾತು ಇವನಿಗೆ ಕೇಳುವುದಿಲ್ಲ, ಇವನ ಮಾತು ಅವರಿಗೆ ಕೇಳುವುದಿಲ್ಲ. ಪರದೆಯಲ್ಲಿ ‘ನ್ಯಾಟ್ ಟೈಪ್ 3’ ಎಂದು ತೋರಿಸುತ್ತದೆ. ಇಂಟರ್ನೆಟ್ ಕಂಪನಿಯವರು 100 ಎಂಬಿಪಿಎಸ್ ಸಾಲದು, 300ಕ್ಕೆ ಹೋಗಿ ಎಂದರು. ಹೋದೆವು, ಏನೂ ಬದಲಾಗಲಿಲ್ಲ. ಇನ್ನೂ ಹೆಚ್ಚಿಸಬೇಕೆ?
— ಒಬ್ಬ ತಾಯಿ, ಹಾಸನ

ಉತ್ತರ: ಬೇಡ. ಮುಂದಿನ ಬಿಲ್ ಬರುವ ಮೊದಲೇ ಮತ್ತೆ 100ಕ್ಕೆ ಇಳಿಸಿಕೊಳ್ಳಿ. ಆಟ ನಡೆಯುತ್ತಿರುವಾಗ ಕನ್ಸೋಲಿಗೂ ಹೊರಗಿನ ಜಾಲಕ್ಕೂ ನಡುವೆ ಓಡಾಡುವ ಮಾಹಿತಿ ತೀರಾ ಕಡಿಮೆ. ಸಾಮಾನ್ಯವಾಗಿ ಒಂದೆರಡು ಎಂಬಿಪಿಎಸ್ ಇದ್ದರೆ ಧಾರಾಳವಾಯಿತು. 100 ಜಿಬಿಯ ಹೊಸ ಆಟವೊಂದನ್ನು ಡೌನ್‌ಲೋಡ್ ಮಾಡಲು 100ರ ಸಂಪರ್ಕದಲ್ಲಿ ಎರಡು ಗಂಟೆಯ ಮೇಲೆ ಬೇಕು, 300ರಲ್ಲಿ ಮುಕ್ಕಾಲು ಗಂಟೆ ಸಾಕು. ನೀವು ಕಟ್ಟಿದ ಹೆಚ್ಚುವರಿ ಹಣಕ್ಕೆ ಸಿಕ್ಕಿದ್ದು ಅಷ್ಟೇ.

ನಿಮ್ಮ ಮಗನ ತೊಂದರೆ ವೇಗದ್ದಲ್ಲ, ವಿಳಾಸದ್ದು. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳಿಗೆ ಮಾತ್ರ ಜಾಗವಿದೆ. ಮೊದಮೊದಲು ಅದು ಎಂದೂ ಮುಗಿಯದು ಎಂಬಂತೆ ಹಂಚಿದರು. ಅಮೆರಿಕದ ಎಂಐಟಿ ಒಂದೇ ಸಂಸ್ಥೆಯ ಕೈಯಲ್ಲಿ 1.67 ಕೋಟಿ ವಿಳಾಸಗಳಿದ್ದವು. 140 ಕೋಟಿ ಜನರಿರುವ ನಮ್ಮ ದೇಶದಲ್ಲಿ ಇಂಟರ್ನೆಟ್ ಮನೆಮನೆಗೆ ಬರುವ ಹೊತ್ತಿಗೆ ಹಂಚಲು ಏನೂ ಉಳಿದಿರಲಿಲ್ಲ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಬರಿದಾಯಿತು. ಅದೇ ಏಪ್ರಿಲ್‌ನಲ್ಲಿ, ಏಷ್ಯಾ-ಪೆಸಿಫಿಕ್ ಪ್ರದೇಶಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ ತನ್ನ ಕೊನೆಯ ಕಂತಿಗೆ ಬಂದು, ಅಳೆದು ತೂಗಿ ಕೊಡತೊಡಗಿತು.

ಈ ಕೊರತೆಯನ್ನು ಮೊದಲೇ ಕಂಡವರು 1994ರಲ್ಲಿ ಒಂದು ಉಪಾಯ ಬರೆದಿಟ್ಟಿದ್ದರು. ಅದೇ ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಷನ್, ಎಲ್ಲರ ಬಾಯಲ್ಲಿ ನ್ಯಾಟ್. ಹಳೆಯ ಬೆಂಗಳೂರು, ಮೈಸೂರುಗಳ ವಠಾರಗಳನ್ನು ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಒಳಗೆ ಹತ್ತು ಸಂಸಾರ. ಒಳಗಿನ ಯಾರಾದರೂ ಕಾಗದ ಬರೆದರೆ ಹೊರಗೆ ಕಾಣುವುದು ವಠಾರದ ನಂಬರು ಮಾತ್ರ. ಯಾವ ಮನೆಯವರು ಯಾರಿಗೆ ಬರೆದರೆಂದು ಬಾಗಿಲಲ್ಲಿ ಕುಳಿತವರು ಬರೆದಿಟ್ಟುಕೊಂಡರೆ, ಉತ್ತರ ಬಂದಾಗ ಸರಿಯಾದ ಮನೆಗೆ ತಲುಪಿಸಬಹುದು. ಯಾರೂ ಕೇಳದೆ ತಾನಾಗಿ ಬಂದ ಕಾಗದವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಂದಕ್ಕೆ ಕಳಿಸುತ್ತಾರೆ. ನಿಮ್ಮ ಮನೆಯ ರೂಟರ್ ಮಾಡುವುದು ಇದನ್ನೇ.

ವೆಬ್‌ಸೈಟ್ ನೋಡುವಾಗ, ವಿಡಿಯೊ ನೋಡುವಾಗ ಇದರಿಂದ ಏನೂ ತೊಂದರೆಯಿಲ್ಲ. ನಾವು ಕೇಳುತ್ತೇವೆ, ಉತ್ತರ ಬರುತ್ತದೆ. ಆಟದಲ್ಲಿ ಹಾಗಲ್ಲ. ಎಷ್ಟೋ ಆಟಗಳಲ್ಲಿ ನಿಮ್ಮ ಮಗನ ಕನ್ಸೋಲ್ ಮತ್ತು ಗೆಳೆಯನ ಕನ್ಸೋಲ್ ನೇರವಾಗಿ ಒಂದಕ್ಕೊಂದು ಮಾತಾಡಬೇಕು. ಇಬ್ಬರೂ ರೂಟರ್‌ಗಳ ಹಿಂದೆ ಇದ್ದಾರೆ, ಹೊರಗಿನಿಂದ ಮೊದಲು ಬಂದವರನ್ನು ಎರಡೂ ರೂಟರ್‌ಗಳು ತಳ್ಳಿಹಾಕುತ್ತವೆ. ಹಾಗಾದರೆ ಮೊದಲ ಮಾತು ಹೋಗುವುದು ಹೇಗೆ?

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಟೈಪ್‌ಗಳ ಗುಟ್ಟು ಇರುವುದೇ ಇಲ್ಲಿ. ನಿಮ್ಮ ಮನೆಯಲ್ಲಿ ಕನ್ಸೋಲಿನ ಒಳವಿಳಾಸ 192.168.1.7 ಎಂದುಕೊಳ್ಳಿ. ಅದು 3074ನೆಯ ಪೋರ್ಟ್‌ನಿಂದ (ಒಂದೇ ವಿಳಾಸದೊಳಗಿನ ಬೇರೆ ಬೇರೆ ಬಾಗಿಲುಗಳ ನಂಬರೇ ಪೋರ್ಟ್) ಗೇಮ್ ಕಂಪನಿಯ ಸರ್ವರ್‌ಗೆ ಒಂದು ಸಂದೇಶ ಕಳಿಸಿ, ‘ಹೊರಗಿನಿಂದ ನಾನು ನಿಮಗೆ ಹೇಗೆ ಕಾಣುತ್ತಿದ್ದೇನೆ?’ ಎಂದು ಕೇಳುತ್ತದೆ. ದಾರಿಯಲ್ಲಿ ರೂಟರ್ ಒಳವಿಳಾಸವನ್ನು ಅಳಿಸಿ, ಹೊರಗಿನ ವಿಳಾಸ 203.0.113.25, ಪೋರ್ಟ್ 40112 ಎಂದು ಬರೆದು ಕಳಿಸುತ್ತದೆ. ಸರ್ವರ್ ಅದನ್ನೇ ತಿರುಗಿ ಹೇಳುತ್ತದೆ, ಗೆಳೆಯನ ಕನ್ಸೋಲಿಗೂ ತಿಳಿಸುತ್ತದೆ. ಈಗ ಇಬ್ಬರೂ ಒಂದೇ ಕಾಲಕ್ಕೆ ಪರಸ್ಪರರ ವಿಳಾಸಕ್ಕೆ ಸಂದೇಶ ಕಳಿಸುತ್ತಾರೆ. ಎರಡೂ ರೂಟರ್‌ಗಳು ಬಂದದ್ದನ್ನು ಉತ್ತರವೆಂದೇ ಭಾವಿಸಿ ಒಳಗೆ ಬಿಡುತ್ತವೆ. ದಾರಿ ತೆರೆಯಿತು.

ಇದು ನಡೆಯಬೇಕಾದರೆ ಒಂದು ಷರತ್ತಿದೆ. ಸರ್ವರ್ ಜೊತೆ ಮಾತಾಡುವಾಗ 40112 ಆಗಿದ್ದ ಹೊರಗಿನ ಪೋರ್ಟ್, ಗೆಳೆಯನ ಜೊತೆ ಮಾತಾಡುವಾಗಲೂ 40112 ಆಗಿಯೇ ಇರಬೇಕು. ಕೆಲವು ರೂಟರ್‌ಗಳು, ಅದಕ್ಕಿಂತ ಹೆಚ್ಚಾಗಿ ಕಂಪನಿಗಳ ದೊಡ್ಡ ಉಪಕರಣಗಳು, ಪ್ರತಿ ಹೊಸ ಗುರಿಗೂ ಹೊಸ ಪೋರ್ಟ್ ಕೊಡುತ್ತವೆ. ಆಗ ಗೆಳೆಯ 40112ಕ್ಕೆ ಕಳಿಸುತ್ತಾನೆ, ನಿಮ್ಮ ಕಡೆಯ ದಾರಿ 40877ರಲ್ಲಿ ತೆರೆದಿರುತ್ತದೆ, ಅದನ್ನು ಅವನಿಗೆ ಹೇಳಿದವರಿಲ್ಲ. ತಂತ್ರಜ್ಞರು ಇದನ್ನು ಸಿಮೆಟ್ರಿಕ್ ನ್ಯಾಟ್ ಎನ್ನುತ್ತಾರೆ. ಪ್ಲೇಸ್ಟೇಷನ್ನಿನ ‘ಟೈಪ್ 3’ ಸಾಮಾನ್ಯವಾಗಿ ಇಂಥದ್ದೇ ಸ್ಥಿತಿ. ಎಕ್ಸ್‌ಬಾಕ್ಸ್ ಅದನ್ನೇ ‘ಸ್ಟ್ರಿಕ್ಟ್’ ಎನ್ನುತ್ತದೆ. ‘ಟೈಪ್ 2’ ಅಥವಾ ‘ಮಾಡರೇಟ್’ ಎಂದರೆ ದಾರಿ ಬಹುಮಟ್ಟಿಗೆ ಸಿಗುತ್ತದೆ ಎಂದರ್ಥ. ‘ಓಪನ್’ ಇದ್ದವರ ಜೊತೆ ಯಾರು ಬೇಕಾದರೂ ಕೂಡಬಹುದು. ಸ್ಟ್ರಿಕ್ಟ್ ಇದ್ದವರು ಹೆಚ್ಚಾಗಿ ಓಪನ್ ಇದ್ದವರ ಜೊತೆ ಮಾತ್ರ ಕೂಡಬಲ್ಲರು. ನಿಮ್ಮ ಮಗನಿಗೆ ಒಬ್ಬ ಗೆಳೆಯ ಸಿಕ್ಕಿ ಇನ್ನೊಬ್ಬ ಸಿಗದಿದ್ದರೆ ಕಾರಣ ಇದೇ, ಅವನ ಕನ್ಸೋಲ್ ಕೆಟ್ಟಿಲ್ಲ.

ಈಗ ನೀವು ಮಾಡಬೇಕಾದ ಕೆಲಸ ಒಂದೇ, ಅದಕ್ಕೆ ಹತ್ತು ನಿಮಿಷ ಸಾಕು. ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ 192.168.1.1 ಎಂಬಂಥ ಸಂಖ್ಯೆ, ಲಾಗಿನ್ ಹೆಸರು, ಪಾಸ್‌ವರ್ಡ್ ಇರುತ್ತವೆ. ಅದನ್ನು ಬ್ರೌಸರಿನಲ್ಲಿ ಹಾಕಿ ‘ಸ್ಟೇಟಸ್’ ಪುಟ ತೆರೆದರೆ ‘ವ್ಯಾನ್ ಐಪಿ’ ಎಂಬ ಸಾಲು ಸಿಗುತ್ತದೆ, ಅದು ರೂಟರಿನ ಹೊರಬದಿಯ ವಿಳಾಸ. ಆ ಸಂಖ್ಯೆಯನ್ನು ಬರೆದುಕೊಳ್ಳಿ. ಆಮೇಲೆ ಅದೇ ವೈಫೈನಲ್ಲಿರುವ ಮೊಬೈಲಿನಲ್ಲಿ ‘ನನ್ನ ಐಪಿ ವಿಳಾಸ’ ಎಂದು ಹುಡುಕಿ, ಬಂದ ಐಪಿವಿ4 ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ. ಮೊಬೈಲಿನ ಡೇಟಾ ಆಫ್ ಮಾಡಿರಲಿ. ಎರಡೂ ಒಂದೇ ಆಗಿದ್ದರೆ ತೊಂದರೆ ನಿಮ್ಮ ಮನೆಯೊಳಗೇ ಇದೆ, ಸರಿಪಡಿಸಬಹುದು. ಬೇರೆ ಬೇರೆ ಆಗಿದ್ದು, ವ್ಯಾನ್ ಸಂಖ್ಯೆ 100.64ರಿಂದ 100.127ರೊಳಗೆ ಅಥವಾ 10ರಿಂದ ಶುರುವಾಗುತ್ತಿದ್ದರೆ ನಿಮ್ಮ ರೂಟರಿನ ಆಚೆ ಕಂಪನಿಯದೇ ಇನ್ನೊಂದು ನ್ಯಾಟ್ ಇದೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. 2012ರಲ್ಲಿ 100.64ರ ಆ ಸಾಲನ್ನು ಮೀಸಲಿಟ್ಟದ್ದೇ ಈ ಉಪಯೋಗಕ್ಕೆ. ಅಲ್ಲಿ ನೂರಾರು ಮನೆಗಳು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳಬಹುದು.

ಸಿಜಿನ್ಯಾಟ್ ಇದ್ದರೆ ನಿಮ್ಮ ರೂಟರಿನಲ್ಲಿ ಏನು ಮಾಡಿದರೂ ಫಲವಿಲ್ಲ, ಬೀಗ ಇರುವುದು ನಿಮ್ಮ ಬಾಗಿಲಿಗಲ್ಲ. ಕಂಪನಿಗೆ ಫೋನ್ ಮಾಡಿ ವೇಗದ ಮಾತೇ ಎತ್ತಬೇಡಿ. ಹೀಗೆ ಕೇಳಿ: ‘ನಮ್ಮ ಸಂಪರ್ಕ ಸಿಜಿನ್ಯಾಟ್ ಹಿಂದೆ ಇದೆಯೇ? ನಮಗೆ ಪಬ್ಲಿಕ್ ಐಪಿವಿ4 ವಿಳಾಸ ಕೊಡುತ್ತೀರಾ? ತಿಂಗಳಿಗೆ ಎಷ್ಟು?’ ಪಬ್ಲಿಕ್ ವಿಳಾಸ ಎಂದರೆ ಬೇರೆ ಮನೆಗಳ ಜೊತೆ ಹಂಚಿಕೊಳ್ಳದ, ನಿಮ್ಮದೇ ಹೊರವಿಳಾಸ. ಮೊದಲು ಫೋನ್ ಎತ್ತಿದವರಿಗೆ ಈ ಪ್ರಶ್ನೆ ಅರ್ಥವಾಗದಿರಬಹುದು. ಸಿಟ್ಟಾಗದೆ ತಾಂತ್ರಿಕ ವಿಭಾಗಕ್ಕೆ ವರ್ಗಾಯಿಸಲು ಹೇಳಿ. ಕೆಲವು ಕಂಪನಿಗಳು ಸ್ವಲ್ಪ ಶುಲ್ಕಕ್ಕೆ ಮನೆಯ ಸಂಪರ್ಕಕ್ಕೂ ಸ್ಟಾಟಿಕ್ ಐಪಿ (ಬದಲಾಗದ ಪಬ್ಲಿಕ್ ವಿಳಾಸ) ಕೊಡುತ್ತವೆ, ಕೆಲವು ವ್ಯಾಪಾರದ ಪ್ಲಾನ್‌ಗಳಿಗೆ ಮಾತ್ರ. ಕೊಡುವುದಿಲ್ಲ ಎಂದರೆ ಕೊಡುವ ಕಂಪನಿ ನಿಮ್ಮ ಬಡಾವಣೆಯಲ್ಲಿ ಇದೆಯೇ ಎಂದು ವಿಚಾರಿಸಿ. 300ರ ಪ್ಲಾನ್‌ಗೆ ಕೊಟ್ಟ ಹಣ ಇದಕ್ಕೆ ಸಲ್ಲಬೇಕಿತ್ತು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದೆ. ವ್ಯಾನ್ ಸಂಖ್ಯೆಯನ್ನು ನೋಡಿದ್ದೇನೆ, ಕಂಪನಿ ನಮಗೆ ಪಬ್ಲಿಕ್ ವಿಳಾಸ ಕೊಟ್ಟಿದೆ. ನಾನು ಕೊಂಡ ಹೊಸ ರೂಟರಿನಲ್ಲಿ 3074ಕ್ಕೆ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ. ಎರಡು ದಿನ ಓಪನ್ ಬಂತು, ಆಮೇಲೆ ಮತ್ತೆ ಸ್ಟ್ರಿಕ್ಟ್. ಈಗ ‘ಡಬಲ್ ನ್ಯಾಟ್’ ಎಂದೂ ತೋರಿಸುತ್ತಿದೆ.
— ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಪತ್ರದ ಜೊತೆ ಕಳಿಸಿದ ಚಿತ್ರವನ್ನು ನೋಡಿದೆ. ಗೋಡೆಯ ಮೇಲೆ ಕಂಪನಿಯವರು ಹಾಕಿದ ಬಿಳಿ ಪೆಟ್ಟಿಗೆ, ಅದಕ್ಕೆ ಹಳದಿ ಫೈಬರ್ ಎಳೆ ಬಂದು ಸೇರಿದೆ, ‘ಪಾನ್’ ಎಂಬಲ್ಲಿ ಹಸಿರು ದೀಪ ಉರಿಯುತ್ತಿದೆ. ಅದರ ಲ್ಯಾನ್ ತೂತಿನಿಂದ ಒಂದು ವೈರು ಕೆಳಗಿನ ಮೇಜಿನ ಮೇಲಿರುವ ನಿಮ್ಮ ಹೊಸ ರೂಟರಿಗೆ ಇಳಿದಿದೆ. ಆ ಬಿಳಿ ಪೆಟ್ಟಿಗೆಯನ್ನು ಒಎನ್‌ಟಿ ಎನ್ನುತ್ತಾರೆ. ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತ ಮಾಡುವುದು ಮಾತ್ರ ಅದರ ಕೆಲಸ ಎಂದು ಹಲವರು ತಿಳಿದಿದ್ದಾರೆ. ನಮ್ಮಲ್ಲಿ ಮನೆಗಳಿಗೆ ಹಾಕುವ ಬಹುಪಾಲು ಒಎನ್‌ಟಿಗಳು ಸ್ವತಃ ರೂಟರ್‌ಗಳೂ ಹೌದು. ನೀವು ಪಬ್ಲಿಕ್ ವಿಳಾಸ ಕಂಡದ್ದು ಅದರ ಪುಟದಲ್ಲಿ. ನಿಮ್ಮ ಸ್ವಂತ ರೂಟರಿನ ಸ್ಟೇಟಸ್ ಪುಟ ತೆರೆದು ನೋಡಿ, ಅಲ್ಲಿನ ವ್ಯಾನ್ ಸಂಖ್ಯೆ 192.168ರಿಂದ ಶುರುವಾಗುತ್ತದೆ. ಒಂದು ನ್ಯಾಟ್‌ನೊಳಗೆ ಇನ್ನೊಂದು ನ್ಯಾಟ್. ಒಳಗಿನದರಲ್ಲಿ ನೀವು ಪೋರ್ಟ್ ಫಾರ್ವರ್ಡಿಂಗ್ ಮಾಡಿ ದಾರಿ ಬಿಟ್ಟಿದ್ದೀರಿ, ಹೊರಗಿನದಕ್ಕೆ ಅದು ಗೊತ್ತೇ ಇಲ್ಲ.

ಎರಡು ದಿನ ಓಪನ್ ಬಂದದ್ದು ಹೇಗೆ ಎಂಬ ಪ್ರಶ್ನೆ ನಿಮಗೆ ಸಹಜ. ಆಗ ಎಕ್ಸ್‌ಬಾಕ್ಸ್ ಒಎನ್‌ಟಿಯ ವೈಫೈಗೇ ಜೋಡಿಸಿಕೊಂಡಿದ್ದು, ಅದರ ಯುಪಿಎನ್‌ಪಿ (ಯಂತ್ರ ಕೇಳಿದ ಪೋರ್ಟನ್ನು ತೆರೆದುಕೊಡುವ ಸೌಲಭ್ಯ) ತಾನಾಗಿ ದಾರಿ ಬಿಟ್ಟಿರುವ ಸಾಧ್ಯತೆ ಹೆಚ್ಚು. ಎರಡು ವೈಫೈಗಳಿಗೂ ಒಂದೇ ಹೆಸರು ಕೊಟ್ಟಿದ್ದೇನೆ ಎಂದು ನೀವೇ ಬರೆದಿದ್ದೀರಿ.

ನಿಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿಬಿಡಿ. ಅದು ವೈಫೈ ಕೊಡುವುದನ್ನಷ್ಟೇ ಮಾಡುತ್ತದೆ, ವಿಳಾಸ ಬದಲಾಯಿಸುವ ಕೆಲಸ ಒಎನ್‌ಟಿ ಒಂದಕ್ಕೇ ಉಳಿಯುತ್ತದೆ. ಇದು ಸುಲಭದ ದಾರಿ, ಕಂಪನಿಯವರನ್ನು ಕಾಯಬೇಕಿಲ್ಲ. ನಿಮ್ಮ ರೂಟರ್ ಒಎನ್‌ಟಿಗಿಂತ ಚೆನ್ನಾಗಿದ್ದು, ಅದನ್ನೇ ಮುಖ್ಯವಾಗಿ ಬಳಸಬೇಕೆಂದರೆ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ವಿಳಾಸ ಬದಲಾಯಿಸದೆ ಸಂಪರ್ಕವನ್ನು ದಾಟಿಸುವುದಷ್ಟೇ) ಹಾಕಲು ಕಂಪನಿಗೆ ಹೇಳಿ. ಆಗ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್ ಬೇಕಾಗಬಹುದು, ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅಂದು ಸಂಜೆ ಇಡೀ ಮನೆಗೆ ಇಂಟರ್ನೆಟ್ ಇರುವುದಿಲ್ಲ.

ಇನ್ನೊಂದು ಮಾತು, ಪೋರ್ಟ್ ಫಾರ್ವರ್ಡಿಂಗ್ ಮಾಡಿದ ಎಲ್ಲರಿಗೂ ಅನ್ವಯಿಸುತ್ತದೆ. 3074ಕ್ಕೆ ಬಂದದ್ದನ್ನು 192.168.1.7ಕ್ಕೆ ಕೊಡು ಎಂದು ನೀವು ಬರೆದಿರುತ್ತೀರಿ. ಕರೆಂಟು ಹೋಗಿ ಬಂದಾಗ ರೂಟರ್ ಕನ್ಸೋಲಿಗೆ 192.168.1.9 ಕೊಟ್ಟರೆ ಆ ಸಾಲು ಖಾಲಿ ಜಾಗವನ್ನು ತೋರಿಸುತ್ತಾ ಉಳಿಯುತ್ತದೆ. ಆದ್ದರಿಂದ ಮೊದಲು ಕನ್ಸೋಲಿನ ಮ್ಯಾಕ್ ವಿಳಾಸ (ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು) ನೋಡಿಕೊಂಡು, ರೂಟರಿನಲ್ಲಿ ಒಳವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಅದಕ್ಕೆ ಒಂದು ಒಳವಿಳಾಸವನ್ನು ಕಾಯಂ ಮಾಡಬೇಕು. ಆಮೇಲೆ ಫಾರ್ವರ್ಡಿಂಗ್. ಎಕ್ಸ್‌ಬಾಕ್ಸಿಗೆ ಮುಖ್ಯವಾದದ್ದು 3074, ಅದರಲ್ಲೂ ಯುಡಿಪಿ. ಯುಡಿಪಿ, ಟಿಸಿಪಿ ಎಂದರೆ ಮಾಹಿತಿ ಕಳಿಸುವ ಎರಡು ವಿಧಾನ. ಹಲವರು ಟಿಸಿಪಿ ಮಾತ್ರ ಆಯ್ಕೆ ಮಾಡಿ ಬಿಟ್ಟಿರುತ್ತಾರೆ. ಎಲ್ಲ ಆದ ಮೇಲೆ ಮುಂಭಾಗದ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಎಕ್ಸ್‌ಬಾಕ್ಸನ್ನು ಪೂರ್ತಿ ಆರಿಸಿ, ಮತ್ತೆ ಹಚ್ಚಿ, ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನ್ಯಾಟ್ ಪರೀಕ್ಷೆ ಮಾಡಿ.

ಪ್ರಶ್ನೆ: ನನ್ನ ಪ್ಲೇಸ್ಟೇಷನ್ ಟೈಪ್ 2 ತೋರಿಸುತ್ತದೆ. ಟೈಪ್ 1 ಮಾಡಿಕೊಳ್ಳುವುದು ಹೇಗೆ?
— ಓದುಗ, ಬೆಂಗಳೂರು

ಉತ್ತರ: ಬೇಕಾಗಿಲ್ಲ. ಟೈಪ್ 1 ಎಂದರೆ ರೂಟರ್ ಇಲ್ಲದೆ ನೇರವಾಗಿ ಜೋಡಿಸಿದ್ದು, ಟೈಪ್ 2 ಎಂದರೆ ರೂಟರ್ ಮೂಲಕ ಸರಿಯಾಗಿ ಜೋಡಿಸಿದ್ದು. ಒಂದು ಮೊದಲ ದರ್ಜೆ, ಎರಡು ಎರಡನೆಯ ದರ್ಜೆ ಎಂದು ಓದಬೇಡಿ. ಗೆಳೆಯರು ಸಿಗುತ್ತಿದ್ದರೆ, ಮಾತು ಕೇಳುತ್ತಿದ್ದರೆ ಸೆಟ್ಟಿಂಗ್ ಮುಟ್ಟದೆ ಆಡಿ.

ಪ್ರಶ್ನೆ: ಮಗಳ ಆಟಕ್ಕಾಗಿ ಯುಪಿಎನ್‌ಪಿ ಹಾಕಬೇಕು, ಇಲ್ಲದಿದ್ದರೆ ಡಿಎಂಜೆಡ್ ಮಾಡಬೇಕು ಎಂದು ಅವಳ ಗೆಳತಿಯರು ಹೇಳಿದ್ದಾರೆ. ಇದರಿಂದ ಮನೆಯ ಜಾಲಕ್ಕೆ ಅಪಾಯವಿಲ್ಲವೇ? ನಾನು ಇದೇ ಇಂಟರ್ನೆಟ್ಟಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುತ್ತೇನೆ.
— ತಂದೆ, ಮಂಗಳೂರು

ಉತ್ತರ: ಯುಪಿಎನ್‌ಪಿ ಹಾಕಿದರೆ ಕನ್ಸೋಲ್ ರೂಟರಿಗೆ ‘ನನಗೆ ಈ ಪೋರ್ಟ್ ತೆರೆದುಕೊಡು’ ಎಂದು ತಾನೇ ಕೇಳಿ ಪಡೆಯುತ್ತದೆ. ಹೆಚ್ಚಿನ ಮನೆಗಳಲ್ಲಿ ಇದೊಂದರಿಂದಲೇ ಟೈಪ್ 3 ಟೈಪ್ 2 ಆಗುತ್ತದೆ, ಮಾಡರೇಟ್ ಓಪನ್ ಆಗುತ್ತದೆ. ಆದರೆ ರೂಟರ್ ಹೀಗೆ ಕೇಳಿದವರು ಯಾರೆಂದು ನೋಡುವುದಿಲ್ಲ. ಮಗಳ ಕನ್ಸೋಲ್ ಕೇಳಿದರೂ ತೆರೆಯುತ್ತದೆ, ಗೇಟಿನ ಮೇಲೆ ಹಾಕಿಸಿದ ಅಗ್ಗದ ಕ್ಯಾಮೆರಾ ಕೇಳಿದರೂ ತೆರೆಯುತ್ತದೆ. ಹೊರಗಿನಿಂದ ತಲುಪಬಹುದಾದ ಕ್ಯಾಮೆರಾಗಳು ಏನು ಮಾಡಬಲ್ಲವು ಎಂಬುದನ್ನು 2016ರಲ್ಲಿ ಜಗತ್ತು ನೋಡಿದೆ. ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತು. ಆ ಅಕ್ಟೋಬರ್‌ನಲ್ಲಿ ಅವುಗಳಿಂದ ಡೈನ್ ಎಂಬ ಕಂಪನಿಯ ಮೇಲೆ ದಾಳಿಯಾಗಿ ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟ್‌ಗಳು ಗಂಟೆಗಟ್ಟಲೆ ಸಿಗದಂತಾದವು.

ನಿಮ್ಮ ಮನೆಗೆ ನನ್ನ ಸಲಹೆ ಹೀಗಿದೆ. ಮನೆಯಲ್ಲಿ ಸಿಸಿಟಿವಿ, ಸ್ಮಾರ್ಟ್ ಬಲ್ಬು, ಪ್ಲಗ್ಗು ಇವೇನೂ ಇಲ್ಲದಿದ್ದರೆ ಯುಪಿಎನ್‌ಪಿ ಹಾಕಿ, ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ರೂಟರಿನ ತಂತ್ರಾಂಶವನ್ನು ಹೊಸದಾಗಿಟ್ಟುಕೊಳ್ಳಿ. ಅಂಥ ಉಪಕರಣಗಳಿದ್ದರೆ ಯುಪಿಎನ್‌ಪಿ ಆಫ್ ಮಾಡಿ, ಕನ್ಸೋಲಿಗೆ ಬೇಕಾದ ಪೋರ್ಟ್‌ಗಳನ್ನು ಮಾತ್ರ ಕೈಯಿಂದ ಬಿಡಿ. ಧಾರವಾಡದ ಓದುಗರಿಗೆ ಬರೆದ ಕ್ರಮವೇ ಇಲ್ಲಿಗೂ. ಪ್ಲೇಸ್ಟೇಷನ್ ಆಗಿದ್ದರೆ ಟಿಸಿಪಿ 3478ರಿಂದ 3480, ಯುಡಿಪಿ 3478 ಮತ್ತು 3479.

ಡಿಎಂಜೆಡ್ ಎಂದರೆ ಹೊರಗಿನಿಂದ ಯಾರಿಗೂ ಸೇರದಂತೆ ಬಂದ ಎಲ್ಲವನ್ನೂ ಒಂದೇ ಯಂತ್ರಕ್ಕೆ ಕೊಡುವುದು. ಬೇರಾವುದೂ ನಡೆಯದಿದ್ದಾಗ ಕನ್ಸೋಲಿಗೆ ಮಾಡಬಹುದು. ನೀವು ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೆ ಎಂದೆಂದಿಗೂ ಮಾಡಬೇಡಿ. ಡಿಎಂಜೆಡ್ ಸಾಲಿನಲ್ಲಿ ಬರೆದ ಒಳವಿಳಾಸ ಕನ್ಸೋಲಿಗೆ ಕಾಯಂ ಆಗಿರದಿದ್ದರೆ, ಒಂದು ದಿನ ಅದೇ ವಿಳಾಸ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ನಾನು ಹೆದರುವುದು ಅದಕ್ಕೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಕ್ಕಳು ನಿಂಟೆಂಡೊ ಸ್ವಿಚ್‌ನಲ್ಲಿ ಬೆಂಗಳೂರಿನ ಅಣ್ಣನ ಮಕ್ಕಳ ಜೊತೆ ಮಾರಿಯೊ ಕಾರ್ಟ್ ಆಡಬೇಕೆಂದು ವಾರವೆಲ್ಲ ಕಾಯುತ್ತಾರೆ. ಶನಿವಾರ ಕುಳಿತರೆ ಸಂಪರ್ಕ ಕಡಿಯುತ್ತದೆ. ನಮ್ಮಲ್ಲಿ ‘ನ್ಯಾಟ್ ಟೈಪ್ ಡಿ’, ಅವರಲ್ಲಿ ‘ಬಿ’.
— ಕನ್ನಡತಿ, ನ್ಯೂಜೆರ್ಸಿ

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ಹತ್ತಿರವಾಯಿತು. ಅತ್ತೆಯ, ಮಾವನ ಮಕ್ಕಳು ಒಟ್ಟಿಗೆ ಆಡಿ ಬೆಳೆಯಲಿ ಎಂಬುದು ಸಣ್ಣ ಆಸೆಯಲ್ಲ, ಇದನ್ನು ಸರಿಪಡಿಸಲೇಬೇಕು.

ನಿಂಟೆಂಡೊ ತನ್ನ ದರ್ಜೆಗಳನ್ನು ಎ, ಬಿ, ಸಿ, ಡಿ, ಎಫ್ ಎಂದು ಕರೆಯುತ್ತದೆ. ಎ ಮತ್ತು ಬಿ ಚೆನ್ನ, ಸಿ ಕೆಲವೊಮ್ಮೆ ತಕರಾರು ಮಾಡುತ್ತದೆ, ಡಿ ಇದ್ದವರು ಎ ಇದ್ದವರ ಜೊತೆ ಮಾತ್ರ ಕೂಡಬಹುದು, ಎಫ್ ಎಂದರೆ ದಾರಿಯೇ ಇಲ್ಲ. ಬೆಂಗಳೂರಿನ ಬಿ ಸಾಕು, ಅಲ್ಲಿಯವರು ಏನೂ ಮಾಡಬೇಕಿಲ್ಲ. ಸರಿಯಾಗಬೇಕಾದದ್ದು ನಿಮ್ಮ ಕಡೆ. ಮಾರಿಯೊ ಕಾರ್ಟ್ 8ರಲ್ಲಿ ಕನ್ಸೋಲ್‌ಗಳು ನೇರವಾಗಿ ಒಂದಕ್ಕೊಂದು ಮಾತಾಡುವುದರಿಂದ ಇಲ್ಲಿ ನ್ಯಾಟ್ ದೊಡ್ಡ ವಿಷಯ.

ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕೇಬಲ್ ಕಂಪನಿ ಕೊಟ್ಟ ಮೋಡೆಮ್-ರೂಟರ್, ಅದರ ಮೇಲೆ ಮನೆಯವರು ಕೊಂಡ ಮೆಶ್ ವೈಫೈ (ಹಲವು ಪೆಟ್ಟಿಗೆಗಳಿಂದ ಮನೆಯೆಲ್ಲ ವೈಫೈ ಕೊಡುವುದು). ನಿಮ್ಮಲ್ಲೂ ಹಾಗೆಯೇ ಇದೆ ಎಂದು ಬರೆದಿದ್ದೀರಿ. ಅಂದರೆ ಡಬಲ್ ನ್ಯಾಟ್. ಮೆಶ್‌ನ ಆ್ಯಪ್‌ನಲ್ಲಿ ಬ್ರಿಡ್ಜ್ ಮೋಡ್ ಹಾಕಿ, ಮೋಡೆಮ್-ರೂಟರಿನಲ್ಲಿ ಯುಪಿಎನ್‌ಪಿ ಇದೆಯೇ ನೋಡಿ, ಸ್ವಿಚ್‌ನ ಇಂಟರ್ನೆಟ್ ಪುಟದಲ್ಲಿ ‘ಟೆಸ್ಟ್ ಕನೆಕ್ಷನ್’ ಒತ್ತಿ. ಬಿ ಬರುವ ಸಾಧ್ಯತೆ ಹೆಚ್ಚು.

ಆಮೇಲೂ ಗಾಡಿಗಳು ಆಗಾಗ ನೆಗೆದಂತೆ ಕಾಣುತ್ತವೆ, ಅದಕ್ಕೆ ಮಕ್ಕಳನ್ನು ಮೊದಲೇ ಸಿದ್ಧಪಡಿಸಿ. ನ್ಯೂಜೆರ್ಸಿಯಿಂದ ಬೆಂಗಳೂರಿಗೆ ನೇರ ದೂರವೇ ಸುಮಾರು 13,000 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡು ಬೇಕೇ ಬೇಕು, ಕಡಲಡಿಯ ಕೇಬಲ್‌ಗಳು ಸುತ್ತಿ ಬರುವುದರಿಂದ ವಾಸ್ತವದಲ್ಲಿ 200ರ ಮೇಲೆಯೇ. ಯಾವ ಸೆಟ್ಟಿಂಗಿನಿಂದಲೂ ಇದು ಕಡಿಮೆಯಾಗದು. ಕಾರ್ಟ್ ಓಟದಲ್ಲಿ ಇದನ್ನು ಸಹಿಸಿಕೊಂಡು ಆಡಬಹುದು. ಕುಸ್ತಿ, ಮುಷ್ಟಿಯುದ್ಧದಂಥ ಕ್ಷಣದ ಲೆಕ್ಕದ ಆಟಗಳನ್ನು ಈ ದೂರದಲ್ಲಿ ಇಟ್ಟುಕೊಳ್ಳಬೇಡಿ, ಜಗಳವಾಗುತ್ತದೆ.

ಪ್ರಶ್ನೆ: ಡಿಎನ್‌ಎಸ್ 8.8.8.8 ಎಂದು ಬದಲಾಯಿಸಿದರೆ ನ್ಯಾಟ್ ಓಪನ್ ಆಗುತ್ತದೆ ಎಂದು ವಿಡಿಯೊ ನೋಡಿದೆ. ನಿಜವೇ?
— ಓದುಗ, ಬಳ್ಳಾರಿ

ಉತ್ತರ: ಇಲ್ಲ. ಡಿಎನ್‌ಎಸ್ ಹೆಸರನ್ನು ಹೇಳಿದರೆ ವಿಳಾಸ ಹುಡುಕಿ ಕೊಡುತ್ತದೆ, ಅಷ್ಟೇ. ನ್ಯಾಟ್ ಟೈಪಿಗೂ ಅದಕ್ಕೂ ಸಂಬಂಧವಿಲ್ಲ. ವೈಫೈ ಬಿಟ್ಟು ವೈರು ಹಾಕಿದರೂ ನ್ಯಾಟ್ ಬದಲಾಗುವುದಿಲ್ಲ, ಆದರೆ ಆಟ ನಡುನಡುವೆ ತಡೆಯುವುದು ನಿಲ್ಲುತ್ತದೆ. ವೈರು ಹಾಕಿ.

ಪ್ರಶ್ನೆ: ಮೇಡಂ, ನಾನು ಹತ್ತನೆಯ ತರಗತಿ. ನಮ್ಮ ಊರಿಗೆ ಫೈಬರ್ ಬಂದಿಲ್ಲ. ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಮಾಮನ ಹಳೆಯ ಎಕ್ಸ್‌ಬಾಕ್ಸ್ ಆಡುತ್ತೇನೆ. ಯಾವಾಗಲೂ ಸ್ಟ್ರಿಕ್ಟ್. ಏನಾದರೂ ಉಪಾಯ ಇದೆಯೇ?
— ವಿದ್ಯಾರ್ಥಿ, ಶಿರಸಿ ತಾಲ್ಲೂಕು

ಉತ್ತರ: ತಮ್ಮಾ, ಮೊಬೈಲ್ ಜಾಲಗಳಲ್ಲಿ ಐಪಿವಿ4 ಸಾಮಾನ್ಯವಾಗಿ ಸಿಜಿನ್ಯಾಟ್ ಹಿಂದೆಯೇ ಇರುತ್ತದೆ. ಹಾಟ್‌ಸ್ಪಾಟ್ ಮಾಡಿದಾಗ ಅಪ್ಪನ ಫೋನ್ ಕೂಡ ಒಂದು ನ್ಯಾಟ್ ಸೇರಿಸುತ್ತದೆ. ಅದನ್ನು ನೀನು ಓಪನ್ ಮಾಡಲಾರೆ, ಮಾಡಿಕೊಡುತ್ತೇವೆ ಎಂದು ಹಣ ಕೇಳುವ ಆ್ಯಪ್‌ಗಳನ್ನು ನಂಬಬೇಡ.

ಆದರೆ ಸ್ಟ್ರಿಕ್ಟ್ ಇದ್ದರೂ ಚೆನ್ನಾಗಿ ನಡೆಯುವ ಆಟಗಳಿವೆ. ಫೋರ್ಟ್‌ನೈಟ್, ರಾಕೆಟ್ ಲೀಗ್‌ಗಳಂಥವುಗಳಲ್ಲಿ ಎಲ್ಲ ಆಟಗಾರರೂ ಕಂಪನಿಯ ಸರ್ವರ್‌ಗೆ ಜೋಡಿಸಿಕೊಳ್ಳುತ್ತಾರೆ. ನಿನ್ನ ಕನ್ಸೋಲ್ ತಾನಾಗಿ ಹೊರಗೆ ಹೋಗಿ ಮಾತಾಡಿಸುವುದರಿಂದ ನ್ಯಾಟ್ ಅಷ್ಟಾಗಿ ಅಡ್ಡಬರುವುದಿಲ್ಲ. ಜಿಟಿಎ ಆನ್‌ಲೈನ್‌ನಂಥ ಆಟಗಳಲ್ಲಿ ಆಟಗಾರರ ಯಂತ್ರಗಳೇ ಒಂದಕ್ಕೊಂದು ಜೋಡಿಸಿಕೊಳ್ಳುತ್ತವೆ, ಅಲ್ಲಿ ನಿನಗೆ ಕಷ್ಟ. ಅದು ನಿನ್ನ ವಯಸ್ಸಿನವರ ಆಟವೂ ಅಲ್ಲ. ಇನ್ನೊಂದು ವಿಷಯ: ಎಕ್ಸ್‌ಬಾಕ್ಸ್ ಒನ್ 2013ರಲ್ಲಿ ಬಂದಾಗಲೇ ಹೊಸ ವಿಳಾಸ ಪದ್ಧತಿ ಐಪಿವಿ6ಕ್ಕೆ ಸಿದ್ಧವಾಗಿ ಬಂದಿತ್ತು. ಅದರಲ್ಲಿ ವಿಳಾಸಗಳ ಬರವಿಲ್ಲ, ನ್ಯಾಟ್ ಬೇಕಾಗಿಲ್ಲ. ನಮ್ಮ ಮೊಬೈಲ್ ಜಾಲಗಳಲ್ಲಿ ಐಪಿವಿ6 ಈಗ ವ್ಯಾಪಕವಾಗಿದೆ. ಅಪ್ಪನ ಫೋನಿನ ಎಪಿಎನ್ (ಫೋನನ್ನು ಮೊಬೈಲ್ ಇಂಟರ್ನೆಟ್ಟಿಗೆ ಜೋಡಿಸುವ) ಸೆಟ್ಟಿಂಗಿನಲ್ಲಿ ‘ಐಪಿವಿ4/ಐಪಿವಿ6’ ಎಂದು ಇದೆಯೇ ನೋಡು, ಅಪ್ಪನನ್ನು ಕೇಳಿಯೇ ಮುಟ್ಟು. ಎರಡೂ ಕಡೆಯವರಿಗೆ ಐಪಿವಿ6 ಇದ್ದು ಆಟವೂ ಅದನ್ನು ಬಳಸುತ್ತಿದ್ದರೆ ಪರದೆಯಲ್ಲಿ ಸ್ಟ್ರಿಕ್ಟ್ ಎಂದೇ ಇದ್ದರೂ ಮಾತು ಕೇಳಬಹುದು. ಪರೀಕ್ಷೆ ಮುಗಿಯುವ ಹೊತ್ತಿಗೆ ಫೈಬರ್ ಬರುತ್ತದೆ ಎಂದು ಬರೆದಿದ್ದೀಯ, ಅದು ಬಂದ ದಿನವೇ ವ್ಯಾನ್ ಸಂಖ್ಯೆ ನೋಡಿ ನನಗೆ ಬರೆ.

ಪ್ರಶ್ನೆ: ಸಣ್ಣ ಗೇಮಿಂಗ್ ಅಂಗಡಿ ತೆರೆಯುತ್ತಿದ್ದೇನೆ. ನಾಲ್ಕು ಪ್ಲೇಸ್ಟೇಷನ್ 5 ತಂದಿದ್ದೇನೆ. ನಾಲ್ಕಕ್ಕೂ ಪೋರ್ಟ್ ಫಾರ್ವರ್ಡಿಂಗ್ ಮಾಡಿದರೆ ಒಂದಕ್ಕೆ ಮಾತ್ರ ಕೆಲಸ ಮಾಡುತ್ತದೆ.
— ಅಂಗಡಿ ಮಾಲೀಕ, ತುಮಕೂರು

ಉತ್ತರ: ಹಾಗೆಯೇ ಆಗಬೇಕು. ಹೊರಗಿನ ಒಂದು ವಿಳಾಸದ ಒಂದು ಪೋರ್ಟನ್ನು ಒಳಗಿನ ಒಂದೇ ಯಂತ್ರಕ್ಕೆ ಕೊಡಬಹುದು. ಕೈಯಿಂದ ಬರೆದ ಸಾಲುಗಳನ್ನೆಲ್ಲ ಅಳಿಸಿ ಯುಪಿಎನ್‌ಪಿ ಹಾಕಿ. ಆಟಗಳು ಪ್ರತಿ ಯಂತ್ರಕ್ಕೂ ಬೇರೆ ಬೇರೆ ಹೊರಪೋರ್ಟ್ ಕೇಳಿಕೊಳ್ಳುತ್ತವೆ. ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಸಿಸಿಟಿವಿಯನ್ನು ಕನ್ಸೋಲ್‌ಗಳ ಜಾಲದಲ್ಲಿ ಇಡಬೇಡಿ, ಅವಕ್ಕೆ ಬೇರೆ ಸಂಪರ್ಕವನ್ನೇ ತೆಗೆದುಕೊಳ್ಳಿ. ಅಂಗಡಿಗೆ ಬಂದ ಹುಡುಗರು ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತಾರೆ, ಪಬ್ಲಿಕ್ ವಿಳಾಸವಿಲ್ಲದ ಸಂಪರ್ಕದಲ್ಲಿ ಅವರನ್ನು ಕೂರಿಸುವುದು ನ್ಯಾಯವಲ್ಲ. ಹೊಸ ಸಂಪರ್ಕಕ್ಕೆ ಮುಂಗಡ ಕಟ್ಟುವ ಮೊದಲು ‘ಸಿಜಿನ್ಯಾಟ್ ಇಲ್ಲ, ಪಬ್ಲಿಕ್ ಐಪಿವಿ4 ವಿಳಾಸ ಕೊಡುತ್ತೇವೆ’ ಎಂಬ ಮಾತನ್ನು ಇ-ಮೇಲಿನಲ್ಲಿ ಬರೆಸಿಕೊಳ್ಳಿ. ಸಂಪರ್ಕ ಕೊಡಲು ಬಂದವರು ಏಣಿ ಇಳಿದು ಹೊರಡುವ ಮುಂಚೆ ವ್ಯಾನ್ ಸಂಖ್ಯೆಯನ್ನು ಅವರ ಎದುರಿಗೇ ತೆರೆದು ನೋಡಿ.